ಗಾಳಿಯ ಗುಳ್ಳೆ ಮತ್ತು ಒಂದು ತುಂಡು ಸ್ಪಂಜು: ಮನೆಯ ಮೀನಿನ ತೊಟ್ಟಿಗೆ ಫಿಲ್ಟರ್ ಜೋಡಿಸುವ ಕ್ರಮ



ನಮ್ಮ ಕಾಸರಗೋಡಿನ ವಾಚನಾಲಯದ ಮೂಲೆಯಲ್ಲಿರುವ ಮೀನಿನ ತೊಟ್ಟಿಯ ಬಗ್ಗೆ ಕಳೆದ ಎರಡು ತಿಂಗಳಲ್ಲಿ ನನಗೆ ಬಂದಷ್ಟು ಫೋನು ವಾರ್ಷಿಕ ಮಹಾಸಭೆಯ ಬಗ್ಗೆಯೂ ಬಂದಿಲ್ಲ. ಮಳೆಗಾಲದಲ್ಲಿ ನಾಲ್ಕೇ ದಿನದಲ್ಲಿ ಹದಿನಾಲ್ಕು ಮೀನುಗಳ ಪೈಕಿ ಹತ್ತು ಸತ್ತವು. ಕಾರಣ ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಲ್ಲಿ "ಯಾರೋ ಮಕ್ಕಳು ತೊಟ್ಟಿಗೆ ಏನೋ ಹಾಕಿದ್ದಾರಂತೆ" ಎಂಬ ಮಾತು ಓಡಾಡುತ್ತಿದೆ. ಮಕ್ಕಳು ಏನೂ ಮಾಡಿಲ್ಲ. ಶನಿವಾರ ಸಂಜೆ ಕನ್ನಡ ಅಕ್ಷರ ಕಲಿಯಲು ಬರುವ ಆ ಮಕ್ಕಳಿಗೆ ಪುಸ್ತಕಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದೇ ಆ ಮೀನು. ತಪ್ಪು ಎಲ್ಲಾಯಿತು ಎಂದು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಸ್ಪಂಜು ಫಿಲ್ಟರ್ ಅಂದರೇನು, ಅದನ್ನು ಕೂರಿಸುವುದು ಹೇಗೆ ಎನ್ನುವುದು ಗೊತ್ತಿರಬೇಕು. ಇಲ್ಲದಿದ್ದರೆ ನನ್ನ ತಪ್ಪು ಏನೆಂದೇ ಅರ್ಥವಾಗುವುದಿಲ್ಲ.

ಮೀನು ನೀರಿನಲ್ಲೇ ಉಸಿರಾಡುತ್ತದೆ, ತಿನ್ನುತ್ತದೆ, ವಿಸರ್ಜಿಸುತ್ತದೆ. ಅದರ ಕಿವಿರಿನಿಂದಲೂ ಹಿಕ್ಕೆಯಿಂದಲೂ ಅಮೋನಿಯಾ ನೀರಿಗೆ ಸೇರುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅದೇ. ಹೊಳೆಯಲ್ಲಾದರೆ ಅದು ಹರಿದುಹೋಗುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಅದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳಿವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ಮೀನಿಗೆ ವಿಷ. ಮೂರನೆಯದು ಬಹಳ ಹೆಚ್ಚಾಗದ ಹೊರತು ತೊಂದರೆ ಕೊಡುವುದಿಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಮಣ್ಣಿನಲ್ಲಿರುವ ಇಂಥ ಜೀವಿಗಳನ್ನು 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಬೇರ್ಪಡಿಸಿ ತೋರಿಸಿದರು. ನಮ್ಮ ಗದ್ದೆಯ ಗೊಬ್ಬರ ಬೆಳೆಗೆ ದಕ್ಕುವುದರಲ್ಲೂ ಇವುಗಳ ಕೈವಾಡವಿದೆ.

ಈ ಜೀವಿಗಳಿಗೆ ಅಂಟಿಕೊಳ್ಳಲು ಒಂದು ಜಾಗ ಬೇಕು, ಜೊತೆಗೆ ಬೇಕಾದಷ್ಟು ಆಮ್ಲಜನಕ ಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ಸ್ಪಂಜಿನ ಒಳಗೆ ಲೆಕ್ಕವಿಲ್ಲದಷ್ಟು ರಂಧ್ರಗಳು, ಅವುಗಳ ಮೂಲಕ ಸದಾ ಹೊಸ ನೀರು ಹಾಯುತ್ತಿರುತ್ತದೆ. ಹಾಗಾಗಿ ಸ್ಪಂಜು ಕಸ ಹಿಡಿಯುವ ಬಟ್ಟೆ ಮಾತ್ರ ಅಲ್ಲ, ಈ ಜೀವಿಗಳ ಮನೆ. ಕಸ ಹಿಡಿಯುವುದು ಅದರ ಚಿಕ್ಕ ಕೆಲಸ. ನಾನು ಬಹಳ ದಿನ ಇದನ್ನು ತಿರುವುಮುರುವಾಗಿ ತಿಳಿದುಕೊಂಡಿದ್ದೆ.

ನೀರು ಸ್ಪಂಜಿನೊಳಗೆ ಹೋಗುವುದು ಹೇಗೆ? ಅಲ್ಲಿ ಮೋಟಾರು ಇಲ್ಲ, ರೆಕ್ಕೆ ಇಲ್ಲ. ಸ್ಪಂಜಿನ ನಡುವೆ ಒಂದು ಪ್ಲಾಸ್ಟಿಕ್ ಕೊಳವೆ ನೆಟ್ಟಗೆ ನಿಂತಿರುತ್ತದೆ. ಹೊರಗಿನ ಏರ್ ಪಂಪಿನಿಂದ ಸಣ್ಣ ಟ್ಯೂಬಿನಲ್ಲಿ ಬಂದ ಗಾಳಿ ಆ ಕೊಳವೆಯ ಬುಡದಲ್ಲಿ ಗುಳ್ಳೆಯಾಗಿ ಬಿಡುಗಡೆಯಾಗುತ್ತದೆ. ಗುಳ್ಳೆ ಬೆರೆತ ನೀರು ಸುತ್ತಲಿನ ನೀರಿಗಿಂತ ಹಗುರ. ಅದು ಮೇಲೇರುತ್ತದೆ, ಅದರ ಜಾಗಕ್ಕೆ ಬರಬೇಕಾದ ನೀರು ಸ್ಪಂಜಿನ ಮೂಲಕವೇ ಬರಬೇಕು, ಬೇರೆ ದಾರಿ ಇಲ್ಲ. ಇಷ್ಟೇ ಗುಟ್ಟು. ತೊಟ್ಟಿಯ ಒಳಗೆ ಕೆಟ್ಟುಹೋಗುವ ಭಾಗವೇ ಇಲ್ಲ. ಮರಿಮೀನುಗಳನ್ನು ಎಳೆದು ಹಾಕುವ ಸೆಳೆತವೂ ಇಲ್ಲ. ಗಪ್ಪಿ ಸಾಕುವವರು ಇದನ್ನೇ ಮೆಚ್ಚುವುದು ಅದಕ್ಕಾಗಿ.

ಇನ್ನು ಸಾಮಾನು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯ ಒಟ್ಟು ಹಿಡಿತ ಸುಮಾರು 56 ಲೀಟರ್. ಮೇಲೆ ಒಂದಿಂಚು ಬಿಟ್ಟು, ತಳದ ಮರಳಿನ ಜಾಗ ಕಳೆದರೆ 50 ಲೀಟರ್ ನೀರು ಎಂದು ಲೆಕ್ಕ ಹಿಡಿಯಿರಿ. ನಮ್ಮಲ್ಲಿರುವುದೂ ಇದೇ ಅಳತೆಯದು. ಇದಕ್ಕೆ ಒಂದು ದೊಡ್ಡ ಸ್ಪಂಜಿಗಿಂತ ಎರಡು ಸಣ್ಣ ಸ್ಪಂಜು ಒಳ್ಳೆಯದು, ಕಾರಣ ಆಮೇಲೆ ತಿಳಿಯುತ್ತದೆ. ಏರ್ ಪಂಪ್ ಎರಡರಿಂದ ಐದು ವ್ಯಾಟಿನದು ಸಾಕು. ಎರಡು ಬಾಯಿ ಇರುವ ಪಂಪ್ ಸಿಕ್ಕಿದರೆ ಎರಡು ಸ್ಪಂಜಿಗೂ ಆಯಿತು. ಗಾಳಿಯ ಟ್ಯೂಬು ಎರಡು ಮೂರು ಮೀಟರ್, ಗಾಳಿ ಹೆಚ್ಚು ಕಡಿಮೆ ಮಾಡುವ ಸಣ್ಣ ತಿರುಪಿನ ವಾಲ್ವ್, ಮತ್ತು ಮರೆಯದೆ ಚೆಕ್ ವಾಲ್ವ್. ಅಂಗಡಿಯವರು ಕೊನೆಯದನ್ನು ತಾವಾಗಿ ಕೊಡುವುದಿಲ್ಲ, ಕೇಳಿ ಪಡೆಯಬೇಕು. ಬೆಲೆ ಒಂದು ಪ್ಲೇಟ್ ಗೋಳಿಬಜೆಗಿಂತ ಕಡಿಮೆ.

ಚೆಕ್ ವಾಲ್ವ್ ಯಾಕೆ ಅಂದರೆ, ಪಂಪನ್ನು ಸಾಮಾನ್ಯವಾಗಿ ತೊಟ್ಟಿಯ ಕೆಳಗಿನ ಕಪಾಟಿನಲ್ಲೋ ನೆಲದಲ್ಲೋ ಇಡುತ್ತೇವೆ. ಕರೆಂಟು ಹೋದಾಗ ಗಾಳಿಯ ಒತ್ತಡ ನಿಲ್ಲುತ್ತದೆ, ನೀರು ಅದೇ ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ, ಅಲ್ಲಿಂದ ಪ್ಲಗ್ಗಿಗೆ ಇಳಿಯುವ ಸಾಧ್ಯತೆ ಇದೆ. ಒಮ್ಮೆ ಹರಿಯತೊಡಗಿದರೆ ಟ್ಯೂಬಿನ ತುದಿಯವರೆಗೂ ತೊಟ್ಟಿ ಖಾಲಿ. ಚೆಕ್ ವಾಲ್ವ್ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಅದರ ಮೇಲೆ ಬಾಣದ ಗುರುತು ಇರುತ್ತದೆ, ಬಾಣ ತೊಟ್ಟಿಯ ಕಡೆಗೆ ಇರಬೇಕು. ಗುರುತು ಅಳಿಸಿದ್ದರೆ ಬಾಯಿಂದ ಊದಿ ನೋಡಿ: ಗಾಳಿ ಹೋಗುವ ಕಡೆ ತೊಟ್ಟಿ, ಹೋಗದ ಕಡೆ ಪಂಪ್. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಯ ಹಲಗೆಯ ಮೇಲೆ ಇಟ್ಟರೆ ಇನ್ನೂ ನಿಶ್ಚಿಂತೆ. ಆಗಲೂ ವಾಲ್ವ್ ಇರಲಿ. ಪ್ಲಗ್ಗಿಗೆ ಹೋಗುವ ವಯರು ಒಮ್ಮೆ ಕೆಳಗೆ ಜೋತು ಆಮೇಲೆ ಮೇಲಕ್ಕೆ ಏರುವಂತಿರಲಿ. ವಯರಿನ ಮೇಲೆ ನೀರು ಇಳಿದರೂ ಆ ಜೋತಿನ ತುದಿಯಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಸ್ವಿಚ್ಚಿನವರೆಗೆ ಬರುವುದಿಲ್ಲ. ತೊಟ್ಟಿಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯಿರಿ. ಇದು ನಮ್ಮ ಖಜಾಂಚಿಯವರ ವಿಶೇಷ ಸೂಚನೆ, ಅವರು ವಿದ್ಯುತ್ ಇಲಾಖೆಯಲ್ಲಿದ್ದವರು.

ಈಗ ಜೋಡಣೆ. ಹೊಸ ಸ್ಪಂಜನ್ನು ಬರಿ ನೀರಿನಲ್ಲಿ ನಾಲ್ಕೈದು ಸಲ ಹಿಂಡಿ ತೊಳೆಯಿರಿ, ಸೋಪು ಬೇಡವೇ ಬೇಡ. ಕೊಳವೆಯನ್ನು ಬುಡದ ಭಾರದ ತಟ್ಟೆಗೆ ಸಿಕ್ಕಿಸಿ, ಸ್ಪಂಜನ್ನು ಕೂರಿಸಿ, ಗಾಳಿಯ ಟ್ಯೂಬನ್ನು ಕೊಳವೆಯ ತಲೆಯಲ್ಲಿರುವ ಸಣ್ಣ ಮೂತಿಗೆ ಬಿಗಿಯಾಗಿ ಹಾಕಿ. ಟ್ಯೂಬು ಗಟ್ಟಿಯಾಗಿದ್ದು ಒಳಹೋಗದಿದ್ದರೆ ಅರ್ಧ ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ತೊಟ್ಟಿಗೆ ಇಳಿಸಿದಾಗ ಸ್ಪಂಜು ತೇಲುತ್ತದೆ, ಹಲವರು ಇಲ್ಲೇ ಕಂಗೆಡುತ್ತಾರೆ. ಒಳಗಿನ ಗಾಳಿ ಹೋಗಿಲ್ಲ, ಅಷ್ಟೇ. ನೀರಿನಡಿಯಲ್ಲೇ ಹಿಡಿದು ಗುಳ್ಳೆ ನಿಲ್ಲುವವರೆಗೆ ಹಿಂಡುತ್ತಾ ಇರಿ. ಆಮೇಲೂ ಏಳುವ ಹಾಗಿದ್ದರೆ ಒಂದು ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿ ಇಡಿ.

ಕೊಳವೆಯ ಮೇಲ್ತುದಿ ನೀರಿನ ಮಟ್ಟದಲ್ಲಿ, ಅಥವಾ ಕೂದಲೆಳೆ ಕೆಳಗೆ ಇರಬೇಕು. ಕೊಳವೆ ಉದ್ದವಿದ್ದಷ್ಟೂ ಗುಳ್ಳೆ ಹೆಚ್ಚು ದೂರ ನೀರನ್ನು ಎತ್ತುತ್ತದೆ, ಸ್ಪಂಜಿನ ಮೂಲಕ ಹೆಚ್ಚು ನೀರು ಬರುತ್ತದೆ. ಆದರೆ ತುದಿ ನೀರಿನಿಂದ ಎರಡಿಂಚು ಮೇಲೆ ನಿಂತರೆ ಗಾಳಿಯ ಶಕ್ತಿಯೆಲ್ಲ ನೀರನ್ನು ಮೇಲಕ್ಕೆ ಹೊರುವುದಕ್ಕೇ ಹೋಗಿಬಿಡುತ್ತದೆ. ತಿರುಪಿನ ವಾಲ್ವ್‌ನಿಂದ ಗುಳ್ಳೆಯನ್ನು ಹದಕ್ಕೆ ತನ್ನಿ. ಕೊಳವೆಯ ಬಾಯಿಯಲ್ಲಿ ನೀರು ಮೆಲ್ಲಗೆ ಉಕ್ಕುತ್ತಾ ಇರಬೇಕು, ಅನ್ನ ಕುದಿಯುವಂತೆ ಕೊತಕೊತ ಅನ್ನಬಾರದು. ಸದ್ದು ಹೆಚ್ಚು ಅನ್ನಿಸಿದರೆ ಕೊಳವೆಯೊಳಗೆ ಸಣ್ಣ ಏರ್ ಸ್ಟೋನ್ ಇಳಿಸಬಹುದು. ಗುಳ್ಳೆ ನುಣ್ಣಗಾಗಿ ಗುಡುಗುಡು ಕಡಿಮೆಯಾಗುತ್ತದೆ. ಆ ಕಲ್ಲು ಕೆಲವು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ನೆನಪಿರಲಿ. ಪಂಪಿನ ಝೇಂಕಾರ ಬೇರೆ ವಿಷಯ. ಅದರೊಳಗೆ ಕರೆಂಟಿನ ತಾಳಕ್ಕೆ ಅಲುಗುವ ಒಂದು ಅಯಸ್ಕಾಂತದ ಕಡ್ಡಿ ರಬ್ಬರಿನ ಪೊರೆಯನ್ನು ಸೆಕೆಂಡಿಗೆ 50 ಸಲ ಒತ್ತಿ ಬಿಡುತ್ತದೆ. ಮಡಚಿದ ದಪ್ಪ ಬಟ್ಟೆಯ ಮೇಲೆ ಇಟ್ಟರೆ ಅರ್ಧ ಸದ್ದು ಹೋಗುತ್ತದೆ. ಗಾಳಿ ದಿಢೀರನೆ ಕಡಿಮೆಯಾದರೆ ಪಂಪ್ ಎಸೆಯಬೇಡಿ, ಬಹಳ ಸಲ ಹರಿದಿರುವುದು ಆ ಪೊರೆ ಮಾತ್ರ. ಬೇರೆ ಹಾಕಿಸಬಹುದು.

ಇಷ್ಟು ಮಾಡಲು ಅರ್ಧ ಗಂಟೆ ಸಾಕು. ಆಮೇಲಿನ ಒಂದೂವರೆ ತಿಂಗಳೇ ಕಷ್ಟ. ಫಿಲ್ಟರ್ ಓಡುತ್ತಿದೆ ಅಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದಲ್ಲ. ಸ್ಪಂಜಿನಲ್ಲಿ ಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನವೇ ಇಪ್ಪತ್ತು ಮೀನು ತಂದು ಬಿಟ್ಟವರ ಮನೆಯಲ್ಲಿ ಎರಡನೇ ವಾರ ಮೀನು ಸಾಯುವುದು ಈ ಕಾರಣಕ್ಕೆ. ಎರಡು ಮೂರು ಗಟ್ಟಿ ಮೀನು ಬಿಟ್ಟು, ಚಿಟಿಕೆಯಷ್ಟೇ ಆಹಾರ ಹಾಕಿ, ವಾರಕ್ಕೆರಡು ಸಲ ಕಾಲು ಭಾಗ ನೀರು ಬದಲಿಸುತ್ತಾ ಕಾಯಬೇಕು. ಇದಕ್ಕೊಂದು ಒಳದಾರಿ ಇದೆ, ನಮ್ಮ ಅಡುಗೆಮನೆಯದ್ದೇ. ಹಾಲು ತಾನಾಗಿ ಮೊಸರಾಗಲಿ ಎಂದು ಯಾರೂ ಕಾಯುವುದಿಲ್ಲ, ಪಕ್ಕದ ಮನೆಯಿಂದ ಹೆಪ್ಪು ತರುತ್ತೇವೆ. ಹಾಗೆಯೇ ಆರೋಗ್ಯವಾಗಿರುವ ಹಳೆಯ ತೊಟ್ಟಿಯೊಂದರ ಸ್ಪಂಜನ್ನು ನಿಮ್ಮ ತೊಟ್ಟಿಯಲ್ಲಿಟ್ಟರೆ ಕಾಯುವ ಕಾಲ ಬಹಳಷ್ಟು ಕಡಿಮೆಯಾಗುತ್ತದೆ. ಹೊಸ ಸ್ಪಂಜನ್ನು ಒಂದು ತಿಂಗಳು ಹಳೆಯ ತೊಟ್ಟಿಯಲ್ಲಿ ಓಡಿಸಿ ತಂದರೂ ಆದೀತು. ರೋಗದ ಮೀನು ಇರುವ ತೊಟ್ಟಿಯಿಂದ ಮಾತ್ರ ಬೇಡ.

ಈಗ ನನ್ನ ತಪ್ಪಿಗೆ ಬರೋಣ.

ಜುಲೈ ತಿಂಗಳ ಒಂದು ಭಾನುವಾರ. ಸ್ಪಂಜು ಕಂದು ಬಣ್ಣಕ್ಕೆ ತಿರುಗಿತ್ತು, ಕೊಳವೆಯಿಂದ ನೀರು ಬರುವುದು ಕಡಿಮೆಯಾಗಿತ್ತು. ಆಗ ನಮ್ಮ ತೊಟ್ಟಿಯಲ್ಲಿ ಇದ್ದದ್ದು ಒಂದೇ ಸ್ಪಂಜು. ಅದನ್ನು ತೆಗೆದು ವಾಚನಾಲಯದ ಹಿಂದಿನ ಬಾವಿಯಿಂದ ನೀರು ಸೇದಿ, ನಾಲ್ಕು ಬಕೆಟ್ ನೀರಿನಲ್ಲಿ ತೊಳೆದು ಹೊಸದರಂತೆ ಮಾಡಿದೆ. ತಳದಲ್ಲಿ ಮಕ್ಕಳು ಕಡಲತೀರದಿಂದ ಆಯ್ದು ತಂದು ಹಾಕಿದ್ದ ಚಿಪ್ಪುಗಳಿದ್ದವು, ಅವನ್ನೂ ಅದೇ ನೀರಿನಲ್ಲಿ ಉಜ್ಜಿದೆ. ಗಾಜನ್ನೂ ಒರೆಸಿದೆ. ತೊಟ್ಟಿಗೆ ತುಂಬಿದ್ದು ಮಾತ್ರ ಮೂರು ದಿನದಿಂದ ಡ್ರಮ್ಮಿನಲ್ಲಿದ್ದ ಹಳೆಯ ನೀರು. ಅಂದು ಸಂಜೆ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಸೋಮವಾರ ಮೀನು ಚೆನ್ನಾಗಿಯೇ ಇದ್ದವು. ಮಂಗಳವಾರ ಮೇಲೆ ಬಂದು ಬಾಯಿ ತೆರೆಯತೊಡಗಿದವು. ಹಸಿವಾಗಿರಬೇಕು ಎಂದು ಪತ್ರಿಕೆ ಓದಲು ಬಂದವರೆಲ್ಲ ಒಂದೊಂದು ಚಿಟಿಕೆ ಹಾಕಿದರು. ನಾನೂ ಹಾಕಿದೆ. ಬುಧವಾರ ನಾಲ್ಕು, ಗುರುವಾರದ ಹೊತ್ತಿಗೆ ಒಟ್ಟು ಹತ್ತು.

ನಮ್ಮದು ಬಾವಿಯ ನೀರು, ಪಟ್ಟಣದ ನಲ್ಲಿಯ ನೀರಿನಂತೆ ಕ್ಲೋರಿನ್ ಇರುವುದಿಲ್ಲ ಎಂಬ ಧೈರ್ಯ ನನಗೆ. ಸಂಘದ ದಿನಚರಿ ಪುಸ್ತಕ ತಿರುವಿದಾಗ ಸಿಕ್ಕಿತು ಉತ್ತರ. ಹಿಂದಿನ ದಿನ, ಶನಿವಾರ, ನನ್ನದೇ ಕೈಬರಹದಲ್ಲಿ ಒಂದು ಸಾಲು: "ಆರೋಗ್ಯ ಕಾರ್ಯಕರ್ತೆಯರು ಬಂದು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರು." ಮಳೆಗಾಲದಲ್ಲಿ ಇಲ್ಲಿ ಬಾವಿಗಳಿಗೆ ಅದನ್ನು ಹಾಕುವುದು ವಾಡಿಕೆ, ಹಾಕಲೇಬೇಕು, ಕಾಯಿಲೆ ಹರಡದಂತೆ. ರೋಗಾಣುವನ್ನು ಕೊಲ್ಲುವ ಕ್ಲೋರಿನ್ನಿಗೆ ಸ್ಪಂಜಿನ ಉಪಕಾರಿ ಜೀವಿ ಬೇರೆ ಎಂದು ಗೊತ್ತೇ? ಸ್ಪಂಜಿನಲ್ಲಿದ್ದವನ್ನೂ ಚಿಪ್ಪಿನ ಮೇಲಿದ್ದವನ್ನೂ ಒಟ್ಟಿಗೇ ಮುಗಿಸಿಬಿಟ್ಟಿದ್ದೆ. ಮೂವತ್ತಮೂರು ವರ್ಷ ಗುಮಾಸ್ತನಾಗಿ ಇನ್ನೊಬ್ಬರ ಕಡತದಲ್ಲಿ ತಪ್ಪು ಹುಡುಕಿದವನಿಗೆ ತಾನೇ ಬರೆದ ಸಾಲು ಓದಿ ನೆನಪಿಟ್ಟುಕೊಳ್ಳಲು ಆಗಲಿಲ್ಲ. ಅಮೋನಿಯಾ ಪರೀಕ್ಷೆಯ ಹನಿಗಳನ್ನು ತರಿಸಿ ನೋಡಿದೆವು. ಹಳದಿ ಇರಬೇಕಾದ ನೀರು ಕಡು ಹಸಿರಾಯಿತು.

ಚಿಪ್ಪಿನದೂ ಇದರಲ್ಲಿ ಪಾತ್ರವಿದೆ. ನಮ್ಮ ಮುರಕಲ್ಲಿನ ನೆಲದ ಬಾವಿಯ ನೀರು ಬಹಳ ಮೆದು, ಸ್ವಲ್ಪ ಹುಳಿಯ ಕಡೆಗೆ ಇರುತ್ತದೆ. ಅಂಥ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಮ್ ಎಂಬ ಕಡಿಮೆ ಅಪಾಯದ ರೂಪದಲ್ಲಿರುತ್ತದೆ. ಚಿಪ್ಪಿನ ಸುಣ್ಣ ಕರಗಿ ನೀರಿನ ಪಿಎಚ್ ಎಂಟರ ಹತ್ತಿರ ಹೋಗಿತ್ತು. ಪಿಎಚ್ ಏಳರಿಂದ ಎಂಟಕ್ಕೆ ಏರಿದರೆ ವಿಷದ ರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಹಾಗೆಂದು ಚಿಪ್ಪು ತೆಗೆದು ಎಸೆಯಬೇಡಿ. ಸ್ಪಂಜಿನ ಜೀವಿಗಳಿಗೆ ಆ ಸುಣ್ಣದ ಅಂಶ ಬೇಕು. ತೀರಾ ಮೆದು ನೀರಿನಲ್ಲಿ ಅವುಗಳ ಕೆಲಸ ಕುಂಟುತ್ತದೆ, ಗಪ್ಪಿ ಮೋಲಿಗಳಿಗೂ ಅಂಥ ನೀರು ಹಿಡಿಸುವುದಿಲ್ಲ. ಚಿಪ್ಪು ಒಂದು ಹಿಡಿ ಇರಲಿ, ಬುಟ್ಟಿ ಬೇಡ.

ಹಾಗಾದರೆ ತೊಳೆಯುವುದು ಹೇಗೆ? ತೊಟ್ಟಿಯಿಂದಲೇ ಅರ್ಧ ಬಕೆಟ್ ನೀರು ತೆಗೆಯಿರಿ. ಸ್ಪಂಜನ್ನು ಒಂದು ಪ್ಲಾಸ್ಟಿಕ್ ಚೀಲದೊಳಗೆ ಹಿಡಿದು ಮೇಲೆತ್ತಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಕಸ ತೊಟ್ಟಿಗೇ ಬೀಳುತ್ತದೆ. ಆ ತೆಗೆದ ನೀರಿನಲ್ಲೇ ಮೂರು ನಾಲ್ಕು ಸಲ ಹಿಂಡಿ ವಾಪಸು ಇಡಿ. ಕಂದು ಬಣ್ಣ ಉಳಿಯಲಿ, ಅದು ಕೊಳೆಯಲ್ಲ. ಎರಡು ಸ್ಪಂಜು ಇದ್ದರೆ ಈ ಸಲ ಒಂದು, ಹದಿನೈದು ದಿನ ಬಿಟ್ಟು ಇನ್ನೊಂದು. ಒಂದರಲ್ಲಿ ಎಡವಟ್ಟಾದರೂ ಇನ್ನೊಂದು ಕಾಯುತ್ತದೆ. ಹಿಂಡಿದ ನೀರು ನಮ್ಮ ಹಿತ್ತಿಲ ಬಸಳೆಗೆ ಹೋಗುತ್ತದೆ. ಬಸಳೆಯ ಬಗ್ಗೆ ಯಾರೂ ದೂರು ಹೇಳಿಲ್ಲ.

ಬೇರೆ ಊರಿನ ಸದಸ್ಯರಿಗೆ ಎರಡು ಮಾತು. ಸೊಲ್ಲಾಪುರದಿಂದ ಒಬ್ಬರು ಫೋನು ಮಾಡಿ, ಬೇಸಗೆಯಲ್ಲಿ ಮೀನು ಮೇಲೆ ಬಂದು ಗಾಳಿ ನುಂಗುತ್ತವೆ ಎಂದರು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 35 ಡಿಗ್ರಿಯಲ್ಲಿ 7 ಮಿಲಿಗ್ರಾಮೂ ಹಿಡಿಯುವುದಿಲ್ಲ. ನಿಮ್ಮಲ್ಲಿ ಬೇಸಗೆಯಲ್ಲಿ ಗುಳ್ಳೆ ಹೆಚ್ಚಿಸಿ, ಮೀನು ಕಡಿಮೆ ಇಡಿ, ತೊಟ್ಟಿಯನ್ನು ಪಶ್ಚಿಮದ ಕಿಟಕಿಯಿಂದ ದೂರ ಇಡಿ. ನಗರದ ನೀರಾದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಹಾಕಿಯೇ ಬಳಸಿ. ಆದವಾನಿ, ರಾಯದುರ್ಗ, ಮಡಕಶಿರಾ ಕಡೆಯ ಕೊಳವೆಬಾವಿಯ ಗಡಸು ನೀರಿಗೆ ಗಪ್ಪಿ, ಮೋಲಿ ಹೇಳಿ ಮಾಡಿಸಿದ ಮೀನು. ಆದರೆ ಏರ್ ಸ್ಟೋನಿಗೆ ಬಿಳಿ ಸುಣ್ಣ ಬೇಗ ಕಟ್ಟುತ್ತದೆ, ವಿನೆಗರಿನಲ್ಲಿ ಒಂದು ರಾತ್ರಿ ನೆನೆಸಿ ಚೆನ್ನಾಗಿ ತೊಳೆದರೆ ಬಿಡುತ್ತದೆ. ಪಿಎಚ್ ಹೆಚ್ಚಿರುವ ನೀರಾದ್ದರಿಂದ ಅಮೋನಿಯಾ ವಿಷಯದಲ್ಲಿ ನಿಮಗೆ ನಮಗಿಂತ ಕಡಿಮೆ ಸಲಿಗೆ. ನೀಲಗಿರಿಯವರಿಗೆ ಉಲ್ಟಾ. ಚಳಿಯಲ್ಲಿ ಸ್ಪಂಜಿನ ಜೀವಿಗಳೂ ಮುದುರಿಕೊಳ್ಳುತ್ತವೆ, ನೆಲೆಯೂರಲು ಆರು ವಾರವೂ ಸಾಲದು. ಹೀಟರ್ ಇಲ್ಲದೆ ಗಪ್ಪಿ ಬೇಡ. ಗೋಲ್ಡ್ ಫಿಶ್ ತಡೆದುಕೊಳ್ಳುತ್ತದೆ, ಆದರೆ ಅದು ಮಾಡುವ ಗಲೀಜು ಬಹಳ, ಸ್ಪಂಜು ದೊಡ್ಡದೇ ಬೇಕು.

ಕರೆಂಟು ಎಲ್ಲ ಊರಿನ ತೊಂದರೆ. ಒಂದೆರಡು ಗಂಟೆ ಹೋದರೆ ಚಿಂತೆಯಿಲ್ಲ, ಆಹಾರ ಹಾಕದಿದ್ದರಾಯಿತು. ರಾತ್ರಿಯಿಡೀ ಹೋದರೆ ಸ್ಪಂಜಿನೊಳಗಿನ ನೀರಿನಲ್ಲಿ ಆಮ್ಲಜನಕ ಮುಗಿದು ಜೀವಿಗಳು ಸಾಯತೊಡಗುತ್ತವೆ. ಅಂಥ ಸ್ಪಂಜಿಗೆ ನೇರ ಗಾಳಿ ಕೊಟ್ಟರೆ ಒಳಗೆ ಕೊಳೆತದ್ದೆಲ್ಲ ತೊಟ್ಟಿಗೆ ಬರುತ್ತದೆ. ಮೊದಲು ಹೊರತೆಗೆದು ತೊಟ್ಟಿಯ ನೀರಿನಲ್ಲಿ ಹಿಂಡಿ, ಆಮೇಲೆ ಪಂಪ್ ಹಾಕಿ. ನಾಲ್ಕೈದು ವ್ಯಾಟಿನ ಪಂಪು ಮನೆಯ ಇನ್ವರ್ಟರಿಗೆ ಒಂದು ಲೆಕ್ಕವೇ ಅಲ್ಲ. ಬ್ಯಾಟರಿಯಲ್ಲೂ ಓಡುವ ಪಂಪು ಸಿಗುತ್ತದೆ, ಮಳೆಗಾಲದ ನಂತರ ನಾವು ಅದನ್ನೇ ತಂದಿದ್ದೇವೆ.

ಸ್ಪಂಜು ಫಿಲ್ಟರಿನಿಂದ ಆಗದ್ದೂ ಇದೆ. ನಮ್ಮ ಚಂದ್ರಗಿರಿ ಹೊಳೆಯಲ್ಲಿ, ಸುಳ್ಯದ ಕಡೆಯವರು ಪಯಸ್ವಿನಿ ಎನ್ನುವ ಅದೇ ಹೊಳೆಯಲ್ಲಿ, ಮೈಯುದ್ದಕ್ಕೂ ಕೆಂಪು ಮತ್ತು ಕಪ್ಪು ಗೆರೆ ಇರುವ ಡೆನಿಸನ್ ಬಾರ್ಬ್ ಎಂಬ ಮೀನಿದೆ. ವ್ಯಾಪಾರದಲ್ಲಿ ಅದಕ್ಕೆ ಮಿಸ್ ಕೇರಳ ಎಂದು ಹೆಸರು. ಅಳಿವಿನ ಅಪಾಯದಲ್ಲಿರುವ ಮೀನು ಅದು. "ನಮ್ಮ ಹೊಳೆಯದ್ದೇ ಹಿಡಿದು ತಂದು ಹಾಕೋಣ ಮಾರಾಯ್ರೇ" ಎಂದು ಸಮಿತಿಯ ಒಬ್ಬರು ಉತ್ಸಾಹದಿಂದ ಹೇಳಿದರು. ಅದು ಗುಂಪಿನಲ್ಲಿ ರಭಸದ, ತಂಪು ನೀರಿನಲ್ಲಿ ಈಜುವ, ಗೇಣುದ್ದಕ್ಕೆ ಹತ್ತಿರ ಬೆಳೆಯುವ ಮೀನು. ನಮ್ಮ 50 ಲೀಟರ್ ಪೆಟ್ಟಿಗೆ ಅದಕ್ಕೆ ಸೆರೆಮನೆ. ಹೊಳೆಯಲ್ಲೇ ಇರಲಿ ಎಂದು ನಿರ್ಣಯವಾಯಿತು, ನಡಾವಳಿಯಲ್ಲಿ ಬರೆದಿದ್ದೇನೆ.

ಉಳಿದ ನಾಲ್ಕು ಮೀನುಗಳು ಈಗ ಚೆನ್ನಾಗಿವೆ, ಮೋಲಿ ಒಂದು ಮರಿ ಹಾಕಿದೆ. ದಿನಕ್ಕೆ ಒಂದೇ ಸಲ, ಮಕ್ಕಳಲ್ಲಿ ಒಬ್ಬರು ಮಾತ್ರ, ಸರದಿಯಂತೆ ಆಹಾರ ಹಾಕುತ್ತಾರೆ. ಹಾಕಿದವರು ತೊಟ್ಟಿಯ ಪಕ್ಕದ ಪುಸ್ತಕದಲ್ಲಿ ತಾರೀಕು ಮತ್ತು ಹೆಸರನ್ನು ಕನ್ನಡದಲ್ಲಿ ಬರೆಯಬೇಕು. ಬಾವಿಗೆ ಪೌಡರ್ ಹಾಕಿದ ದಿನವನ್ನು ಕೆಂಪು ಶಾಯಿಯಲ್ಲಿ ಬರೆಯುವ ಕೆಲಸ ಮೂರನೇ ತರಗತಿಯ ಹುಡುಗಿಯೊಬ್ಬಳು ತಾನಾಗಿ ವಹಿಸಿಕೊಂಡಿದ್ದಾಳೆ. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ ಇಲ್ಲ.

ತೊಟ್ಟಿಯಲ್ಲಿ ಈಗ ಎರಡರ ಬದಲು ನಾಲ್ಕು ಸಣ್ಣ ಸ್ಪಂಜು ಓಡುತ್ತಿವೆ. ಎರಡು ನಮ್ಮವು, ಇನ್ನೆರಡು ಹೊಸದಾಗಿ ತೊಟ್ಟಿ ಮಾಡುವ ಸದಸ್ಯರಿಗೆ ಹೆಪ್ಪು. ಬೇಕಾದವರು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ ವಾಚನಾಲಯಕ್ಕೆ ಬನ್ನಿ. ಬರುವಾಗ ಮುಚ್ಚಳವಿರುವ ಡಬ್ಬಿ ಮತ್ತು ಬದಲಿಗೆ ಇಡಲು ಒಂದು ಹೊಸ ಸ್ಪಂಜು ತನ್ನಿ. ಸ್ಪಂಜು ಒಣಗಬಾರದು, ತೊಟ್ಟಿಯ ನೀರಿನೊಂದಿಗೇ ಕೊಡುತ್ತೇವೆ, ಅಂದೇ ಮನೆ ಮುಟ್ಟಿಸಿ ಗಾಳಿ ಕೊಡಬೇಕು. ಹಾಗಾಗಿ ದೂರದ ಊರಿನವರಿಗೆ ಅಂಚೆಯಲ್ಲಿ ಕಳಿಸಲು ಆಗುವುದಿಲ್ಲ, ದಯವಿಟ್ಟು ಹತ್ತಿರದ ಸದಸ್ಯರಲ್ಲಿ ವಿಚಾರಿಸಿ.

ಇತಿ,
ಕಾರ್ಯದರ್ಶಿ